ಮೋಡದ ದಿನ ಕಾಪು ಕಡಲತೀರದ ಛಾಯಾಗ್ರಹಣ
ಮೋಡ ಕವಿದಿರುವಾಗ ಕಾಪು ಕಡಲತೀರಕ್ಕೆ ಕ್ಯಾಮೆರಾ ಒಯ್ಯುವುದು ವ್ಯರ್ಥವೇ ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಅದೇ ಒಳ್ಳೆಯ ದಿನ. ಏಪ್ರಿಲ್, ಮೇ ತಿಂಗಳುಗಳಲ್ಲಿ ಗಾಳಿಯ ತೇವಾಂಶವೂ ಧೂಳಿನ ಕಣಗಳೂ ಬೆಳಕನ್ನು ಚದುರಿಸುವುದರಿಂದ ದಿಗಂತ ಮಸುಕಾಗಿ, 1901ರ ದೀಪಸ್ತಂಭವೂ ದೂರದಿಂದ ಬಿಳಿಚಿಕೊಂಡ ಆಕಾಶದಲ್ಲಿ ಕರಗಿದಂತೆ ಕಾಣುತ್ತದೆ. ಜೋರು ಮಳೆ ಸುರಿದು ನಿಂತ ಮೇಲೆ ಆ ಧೂಳು ತೊಳೆದುಹೋಗಿ ದೂರದ ಬಂಡೆಯೂ ಸ್ಪಷ್ಟವಾಗುತ್ತದೆ. ಮೋಡದ ಪದರದಿಂದ ಸೋಸಿ ಬರುವ ಮೆದು ಬೆಳಕಿನಲ್ಲಿ ಕಪ್ಪು ಕಲ್ಲಿನ ಮತ್ತು ಬಿಳಿ ನೊರೆಯ ವಿವರಗಳೆರಡೂ ಒಂದೇ ಚಿತ್ರದಲ್ಲಿ ಉಳಿಯುತ್ತವೆ. ಒದ್ದೆ ಬಂಡೆ ಮತ್ತು ತೆಂಗಿನ ಗರಿಗಳ ಅತಿಯಾದ ಹೊಳಪನ್ನು ಪೋಲರೈಸಿಂಗ್ ಫಿಲ್ಟರ್ ತಗ್ಗಿಸುತ್ತದೆ. ಎ.ಸಿ. ಕೋಣೆಯಿಂದ ತಂದ ಲೆನ್ಸ್ ಮೇಲೆ ನಮ್ಮ ಕರಾವಳಿಯ ಗಾಳಿಯಲ್ಲಿ ಕೂಡಲೇ ಹಬೆ ಕಟ್ಟುತ್ತದೆಯಾದ್ದರಿಂದ, ಕ್ಯಾಮೆರಾವನ್ನು ಮುಚ್ಚಿದ ಚೀಲದಲ್ಲೇ ಅರ್ಧ ಗಂಟೆ ಹೊರಗಿಡಿ. ಕಡಲು ಉಕ್ಕುತ್ತಿರುವಾಗ ದಯವಿಟ್ಟು ಬಂಡೆ ಏರಬೇಡಿ.