ಕೈಕುಲುಕಿದ್ದು ಸರಿ, ಕೊಟ್ಟಿದ್ದೇನು?

ನಮಸ್ಕಾರ.

ಬ್ರಿಟನ್ನಿನ ಪಕ್ಷಗಳು ಒಂದಕ್ಕೊಂದು ಹೇಗೆ ಸಹಕರಿಸುತ್ತವೆ ಎಂದು ನೀವು ಇಂಗ್ಲೆಂಡಿನ ವೋಕಿಂಗ್‌ನಿಂದ ಬರೆದು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಹಾಕಿಕೊಳ್ಳಲು ಆಗುವುದಿಲ್ಲ. ತಿದ್ದಿ ಬರೆದರೆ ಖಂಡಿತ ಹಾಕಿಕೊಳ್ಳುತ್ತೇವೆ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದ, ಸ್ವಲ್ಪ ಖಾರ.

ನಿಮ್ಮ ವಾದ ಇಷ್ಟು: ದೇಶಕ್ಕೆ ಕಷ್ಟ ಬಂದಾಗ ಅಲ್ಲಿನ ನಾಯಕರು ಪಕ್ಷ ಮರೆಯುತ್ತಾರೆ, ನಮ್ಮವರು ಮರೆಯುವುದಿಲ್ಲ. ಇದಕ್ಕೆ 1940, 1977, 2010 ಎಂದು ಮೂರು ಉದಾಹರಣೆ ಕೊಟ್ಟಿದ್ದೀರಿ. ಮೂರು ಕಡೆಯೂ ‘ದೊಡ್ಡ ಮನಸ್ಸಿನಿಂದ ಕೈಜೋಡಿಸಿದರು’ ಎಂಬ ಅದೇ ಮಾತಿದೆ. ಯಾರು ಯಾರಿಗೆ ಏನು ಕೊಟ್ಟರು, ಬದಲಿಗೆ ಏನು ಸಿಕ್ಕಿತು, ಕೊನೆಗೆ ಯಾರ ಕೈ ಸುಟ್ಟಿತು? ಇದು ಮಾತ್ರ ಎಲ್ಲೂ ಇಲ್ಲ. ರಾಜಕೀಯ ಒಪ್ಪಂದದ ಬಗ್ಗೆ ಬರೆಯುವವರು ಅದರ ಬೆಲೆ ಬರೆಯದಿದ್ದರೆ ಲೇಖನ ಮದುವೆಯ ಆಮಂತ್ರಣ ಪತ್ರಿಕೆ ಆಗಿಬಿಡುತ್ತದೆ. ಅದರಲ್ಲಿ ಹೆಸರಿರುವವರೆಲ್ಲ ಒಳ್ಳೆಯವರೇ.

2010ನ್ನೇ ತೆಗೆದುಕೊಳ್ಳಿ. ನೀವು ಅದಕ್ಕೆ ಕೊಟ್ಟಿರುವುದು ಒಂದೇ ಪ್ಯಾರಾ. ಅದರಲ್ಲೂ ಅರ್ಧ ಭಾಗ, ಕನ್ಸರ್ವೇಟಿವ್ ನಾಯಕ ಡೇವಿಡ್ ಕ್ಯಾಮರಾನ್ ಮತ್ತು ಲಿಬರಲ್ ಡೆಮಾಕ್ರಟ್ ನಾಯಕ ನಿಕ್ ಕ್ಲೆಗ್ ಪ್ರಧಾನಿ ನಿವಾಸದ ಗುಲಾಬಿ ತೋಟದಲ್ಲಿ ನಗುತ್ತಾ ನಿಂತ ಚಿತ್ರದ ವರ್ಣನೆ. ಆ ತೋಟದಿಂದ ಹೊರಗೆ ಬನ್ನಿ. ಮೇ 6ರ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. 650 ಸೀಟುಗಳ ಕಾಮನ್ಸ್ ಸಭೆಯಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ ಇಪ್ಪತ್ತರಷ್ಟು ಸೀಟು ಕಡಿಮೆ ಬಿತ್ತು. ಲಿಬರಲ್ ಡೆಮಾಕ್ರಟ್‌ಗಳ ಕೈಯಲ್ಲಿ 57 ಇತ್ತು. ಅವರು ಲೇಬರ್ ಜೊತೆಗೂ ಮಾತಾಡಿದರು. ಆದರೆ ಲೇಬರ್‌ನ 258 ಸೇರಿಸಿದರೂ ಬಹುಮತಕ್ಕೆ ಸಾಲುತ್ತಿರಲಿಲ್ಲ. ಹೀಗೆ ಐದು ದಿನ ಚೌಕಾಸಿ ನಡೆದು ಸಮ್ಮಿಶ್ರ ಸರ್ಕಾರ ಆಯಿತು. ಇದರಲ್ಲಿ ದೊಡ್ಡ ಮನಸ್ಸು ಎಷ್ಟಿತ್ತೋ ಗೊತ್ತಿಲ್ಲ, ಲೆಕ್ಕ ಮಾತ್ರ ಚೆನ್ನಾಗಿಯೇ ಇತ್ತು.

ಕ್ಲೆಗ್ ಪಡೆದದ್ದು ಕಡಿಮೆಯೇನಲ್ಲ. ಉಪಪ್ರಧಾನಿ ಹುದ್ದೆ, ತನ್ನನ್ನೂ ಸೇರಿಸಿ ಸಂಪುಟದಲ್ಲಿ ಐದು ಜಾಗ, ಆದಾಯ ತೆರಿಗೆ ವಿನಾಯಿತಿಯ ಮಿತಿಯನ್ನು 10,000 ಪೌಂಡಿನ ಕಡೆಗೆ ಏರಿಸುವ ಮಾತು. ಎಲ್ಲಕ್ಕಿಂತ ಮುಖ್ಯವಾಗಿ, ಮತ ಪದ್ಧತಿ ಬದಲಿಸುವ ಬಗ್ಗೆ ಜನಮತಗಣನೆ. ಕೊಟ್ಟದ್ದು ಏನು ಎನ್ನುವುದು ಆ ವರ್ಷದ ಡಿಸೆಂಬರ್ 9ರಂದು ಗೊತ್ತಾಯಿತು. ವಿಶ್ವವಿದ್ಯಾಲಯದ ಶುಲ್ಕ ಏರಿಸಲು ಬಿಡುವುದಿಲ್ಲ ಎಂದು ಲಿಬರಲ್ ಡೆಮಾಕ್ರಟ್ ಅಭ್ಯರ್ಥಿಗಳು ಚುನಾವಣೆಗೆ ಮುಂಚೆ ವಿದ್ಯಾರ್ಥಿಗಳ ಮುಂದೆ ಸಹಿ ಹಾಕಿ ಫೋಟೊ ತೆಗೆಸಿಕೊಂಡಿದ್ದರು. ಇಂಗ್ಲೆಂಡಿನಲ್ಲಿ ಸುಮಾರು 3,300 ಪೌಂಡ್ ಇದ್ದ ವಾರ್ಷಿಕ ಮಿತಿಯನ್ನು 9,000ಕ್ಕೆ ಏರಿಸುವ ಪ್ರಸ್ತಾಪ ಬಂತು. ತಂದ ಸಚಿವರು ಯಾರು? ಅದೇ ಪಕ್ಷದ ವಿನ್ಸ್ ಕೇಬಲ್. ಅವರ ಸಂಸದರಲ್ಲಿ 21 ಮಂದಿ ವಿರುದ್ಧ ಮತ ಹಾಕಿದರು. ಕ್ಲೆಗ್ ಮತ್ತು ಪಕ್ಷದ ಬಹುತೇಕ ಸಚಿವರು ಪರವಾಗಿ ಹಾಕಿದರು.

ಇಲ್ಲಿ ನೀವು ಬಿಟ್ಟಿರುವ ಒಂದು ಸಂಗತಿ ಇಡೀ ಕಥೆಯನ್ನೇ ತಿರುಗಿಸುತ್ತದೆ. ಶುಲ್ಕದ ವಿಷಯದಲ್ಲಿ ಲಿಬರಲ್ ಡೆಮಾಕ್ರಟ್ ಸಂಸದರು ಮತ ಹಾಕದೆ ತಟಸ್ಥರಾಗಿ ಉಳಿಯಬಹುದು ಎಂದು ಸಮ್ಮಿಶ್ರ ಒಪ್ಪಂದದಲ್ಲೇ ಬರೆದಿತ್ತು. ತಪ್ಪಿಸಿಕೊಳ್ಳಲು ಬಾಗಿಲು ಇತ್ತು. ಆದರೆ ಪ್ರಸ್ತಾಪ ತಂದ ಸಚಿವರೇ ಅದಕ್ಕೆ ಮತ ಹಾಕದೆ ಕೂರುವುದು ಹೇಗೆ? ಖಾತೆ ಬೇಕು ಎಂದು ತೆಗೆದುಕೊಂಡವರನ್ನು ಆ ಖಾತೆಯೇ ಕಟ್ಟಿಹಾಕಿತು. ಓದುಗರು ಕೂತು ಓದುವ ಜಾಗ ಇದು. ಇದಕ್ಕೆ ನೀವು ಒಂದು ಪುಟವನ್ನೇ ಕೊಡಬೇಕಿತ್ತು.

ಜನಮತಗಣನೆಯ ಗತಿಯನ್ನೂ ಹೇಳಿ. ಅಭ್ಯರ್ಥಿಗಳಿಗೆ 1, 2, 3 ಎಂದು ಕ್ರಮ ಕೊಟ್ಟು ಮತ ಹಾಕುವ ಪದ್ಧತಿ ಬೇಕೇ ಎಂದು 2011ರ ಮೇ 5ರಂದು ಜನರನ್ನು ಕೇಳಿದರು. ಜೊತೆಗಿದ್ದ ಕ್ಯಾಮರಾನ್ ಅವರೇ ‘ಬೇಡ’ ಎಂದು ಪ್ರಚಾರ ಮಾಡಿದರು. 67.9 ಶೇಕಡಾ ಜನ ಬೇಡ ಎಂದರು. ತೆರಿಗೆ ವಿನಾಯಿತಿ ಬಂತು ನಿಜ. ಆಮೇಲೆ ಕನ್ಸರ್ವೇಟಿವ್‌ಗಳು ಅದನ್ನೂ ತಮ್ಮದೇ ಸಾಧನೆ ಎಂದು ಹೇಳಿಕೊಂಡರು. 2015ರಲ್ಲಿ 57 ಸೀಟಿನ ಪಕ್ಷ 8ಕ್ಕೆ ಇಳಿಯಿತು. ನಿಮ್ಮ ಲೇಖನದಲ್ಲಿ ‘ಸುಮಾರು ಇಪ್ಪತ್ತು’ ಎಂದಿದೆ, ಸರಿಪಡಿಸಿ. ಕಳೆದುಕೊಂಡ 49ರಲ್ಲಿ 27 ಸೀಟು ಹೋದದ್ದು ಯಾರಿಗೆ? ಐದು ವರ್ಷ ಪಕ್ಕದಲ್ಲಿ ಕೂತಿದ್ದ ಕನ್ಸರ್ವೇಟಿವ್‌ಗಳಿಗೇ. ಈ ಒಂದು ಅಂಕಿ ಇಟ್ಟರೆ ಸಾಕು, ನಿಮ್ಮ ‘ದೊಡ್ಡ ಮನಸ್ಸು’ ಎಂಬ ಮಾತನ್ನು ನೀವೇ ಹೊಡೆದು ಹಾಕುತ್ತೀರಿ.

1940ರದ್ದೂ ಇದೇ ಕಥೆ. ‘ಹಿಟ್ಲರ್ ಎದುರು ಎಲ್ಲರೂ ಭೇದ ಮರೆತರು’ ಎಂದಿದ್ದೀರಿ. ಮರೆತಿರಲಿಲ್ಲ. ನಾರ್ವೆಯಲ್ಲಿ ಜರ್ಮನಿ ಎದುರು ಆದ ಸೋಲಿನ ಬಗ್ಗೆ ಸಂಸತ್ತಿನಲ್ಲಿ ನಡೆದ ಚರ್ಚೆಯ ನಂತರ, ಕನ್ಸರ್ವೇಟಿವ್ ಪ್ರಧಾನಿ ಚೇಂಬರ್ಲೇನ್ ಅವರ ಸರ್ಕಾರ 281–200ರಲ್ಲಿ ಗೆದ್ದೂ ಸೋತಂತಾಯಿತು. ಸ್ವಂತ ಪಕ್ಷದವರೇ ಹಲವರು ತಿರುಗಿ ಬಿದ್ದಿದ್ದರು. ಆಗ ಬೋರ್ನ್‌ಮತ್‌ನಲ್ಲಿ ಸೇರಿದ್ದ ಲೇಬರ್ ಮುಖಂಡರು ಹೇಳಿದ್ದು: ಸರ್ಕಾರಕ್ಕೆ ಬರುತ್ತೇವೆ, ಚೇಂಬರ್ಲೇನ್ ಕೈಕೆಳಗೆ ಮಾತ್ರ ಬರುವುದಿಲ್ಲ. ಇದು ಷರತ್ತು. ಮೇ 10ರಂದು ಕನ್ಸರ್ವೇಟಿವ್ ಪಕ್ಷದವರೇ ಆದ ಚರ್ಚಿಲ್ ಪ್ರಧಾನಿಯಾದರು. ಐದು ಜನರ ಯುದ್ಧ ಸಂಪುಟದಲ್ಲಿ ಇಬ್ಬರು ಲೇಬರ್‌ನವರು ಕೂತರು: ಪಕ್ಷದ ನಾಯಕ ಆಟ್ಲಿ ಮತ್ತು ಗ್ರೀನ್‌ವುಡ್. ಕಾರ್ಮಿಕ ಸಂಘಟನೆಯ ಅರ್ನೆಸ್ಟ್ ಬೆವಿನ್‌ಗೆ ಕಾರ್ಮಿಕ ಖಾತೆ ಸಿಕ್ಕಿತು, ಅವರು ಆಗ ಸಂಸದರೂ ಆಗಿರಲಿಲ್ಲ. ಐದು ವರ್ಷ ದೇಶದೊಳಗಿನ ಆಡಳಿತ ನಡೆಸಿ ತೋರಿಸಿದವರು 1945ರಲ್ಲಿ 393 ಸೀಟು ಗೆದ್ದು ಚರ್ಚಿಲ್‌ರನ್ನೇ ಮನೆಗೆ ಕಳಿಸಿದರು. ಕಿರಿಯ ಪಾಲುದಾರ ಯಾವಾಗಲೂ ಸಾಯುತ್ತಾನೆ ಎಂದು ನಾನು ಹೇಳುತ್ತಿಲ್ಲ. ಆಟ್ಲಿ ಗೆದ್ದದ್ದೇಕೆ, ಕ್ಲೆಗ್ ಸೋತದ್ದೇಕೆ? ಇದನ್ನು ಕೇಳುವ ಲೇಖನ ನನಗೆ ಬೇಕು.

ಅಂದಹಾಗೆ, ಸಭೆಯಲ್ಲಿ ಎರಡು ಕಡೆಯವರ ನಡುವೆ ಎರಡು ಕತ್ತಿಗಳಷ್ಟು ಅಂತರ ಇಟ್ಟಿದ್ದಾರೆ ಎಂಬ ಆ ಕಥೆ ತೆಗೆದುಬಿಡಿ. ಬ್ರಿಟನ್ ಪಾರ್ಲಿಮೆಂಟ್ ಬಗ್ಗೆ ಬರೆಯುವವರೆಲ್ಲ ಅದನ್ನೇ ಬರೆಯುತ್ತಾರೆ. ಬದಲಿಗೆ ಇದನ್ನು ಹಾಕಿ: 1941ರಲ್ಲಿ ಜರ್ಮನ್ ಬಾಂಬಿಗೆ ಕಾಮನ್ಸ್ ಸಭಾಂಗಣ ನಾಶವಾಯಿತು. 1943ರಲ್ಲಿ ಅದನ್ನು ಮತ್ತೆ ಕಟ್ಟುವ ಚರ್ಚೆ ಬಂದಾಗ, ಅರ್ಧವೃತ್ತಾಕಾರ ಬೇಡ, ಎರಡು ಕಡೆಯವರು ಎದುರುಬದುರು ಕೂರುವ ಹಳೆಯ ಆಕಾರವೇ ಇರಲಿ ಎಂದು ಪಟ್ಟು ಹಿಡಿದವರು ಚರ್ಚಿಲ್. ಆಗ ಅವರು ನಡೆಸುತ್ತಿದ್ದದ್ದು ಸರ್ವಪಕ್ಷ ಸರ್ಕಾರ!

1977ರ ಲಿಬ್-ಲ್ಯಾಬ್ (ಲಿಬರಲ್-ಲೇಬರ್) ಒಪ್ಪಂದವನ್ನು ನೀವು ಸಮ್ಮಿಶ್ರ ಸರ್ಕಾರ ಎಂದು ಕರೆದಿದ್ದೀರಿ. ತಪ್ಪು. ಅದು ಬಾಹ್ಯ ಬೆಂಬಲ. ಡೇವಿಡ್ ಸ್ಟೀಲ್ ಅವರ 13 ಲಿಬರಲ್ ಸಂಸದರು ಲೇಬರ್ ಪ್ರಧಾನಿ ಕ್ಯಾಲಹನ್ ಅವರ ಸರ್ಕಾರವನ್ನು ಅವಿಶ್ವಾಸದಿಂದ ಉಳಿಸಿದರು. ಒಂದೂ ಸಚಿವ ಸ್ಥಾನ ಪಡೆಯಲಿಲ್ಲ. ಒಂದು ಸಮಾಲೋಚನಾ ಸಮಿತಿ ಸಿಕ್ಕಿತು, ಅಷ್ಟೇ. ಇದನ್ನು ನಾಲ್ಕು ಸಾಲಿನಲ್ಲಿ ಮುಗಿಸಿ ಮುಂದೆ ಹೋಗಿ.

ಮುಂದೆ ಹೋಗಬೇಕಾದದ್ದು 1979ರ ಮಾರ್ಚ್ 28ಕ್ಕೆ. ನೀವು ಅದನ್ನು ಒಂದು ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಅವತ್ತು ಕ್ಯಾಲಹನ್ ಸರ್ಕಾರದ ಮೇಲೆ ಅವಿಶ್ವಾಸ ನಿರ್ಣಯ. ಲೇಬರ್ ಸಂಸದ ಆಲ್ಫ್ರೆಡ್ ಬ್ರೌಟನ್ ಸಾಯುವ ಸ್ಥಿತಿಯಲ್ಲಿದ್ದರು, ಬರಲಾಗಲಿಲ್ಲ. ಅಲ್ಲಿ ‘ಪೇರಿಂಗ್’ ಎಂಬ ಪದ್ಧತಿ ಇದೆ. ಒಂದು ಕಡೆಯ ಸದಸ್ಯರು ಕಾಯಿಲೆಯಿಂದ ಬರಲಾಗದಿದ್ದರೆ ಎದುರು ಕಡೆಯ ಒಬ್ಬರೂ ಮತ ಹಾಕುವುದಿಲ್ಲ. ಕಾನೂನಲ್ಲ, ಬರೀ ಮಾತಿನ ಮೇಲೆ ನಡೆಯುವುದು. ಲೇಬರ್‌ನ ಉಪ ಮುಖ್ಯ ಸಚೇತಕ ವಾಲ್ಟರ್ ಹ್ಯಾರಿಸನ್, ಕನ್ಸರ್ವೇಟಿವ್‌ಗಳ ಕಡೆ ಅದೇ ಕೆಲಸದಲ್ಲಿದ್ದ ಬರ್ನಾರ್ಡ್ ವೆದರಿಲ್ ಹತ್ತಿರ ಹೋಗಿ ಈ ಮಾತನ್ನು ನೆನಪಿಸಿದರು. ಇಂಥ ಮತದಾನಕ್ಕೆ ಆ ಪದ್ಧತಿ ಅನ್ವಯಿಸುವುದಿಲ್ಲ, ನಮ್ಮವರು ಯಾರೂ ಒಪ್ಪುವುದೂ ಇಲ್ಲ ಎಂದರು ವೆದರಿಲ್. ಆಮೇಲೆ, ಮಾತು ಕೊಟ್ಟವನು ನಾನು, ಹಾಗಾಗಿ ನಾನೇ ಮತ ಹಾಕದೆ ಇರುತ್ತೇನೆ ಎಂದರು. ಹಾಗೆ ಮಾಡಿದ್ದರೆ ಅವರ ರಾಜಕೀಯ ಜೀವನ ಅಲ್ಲಿಗೆ ಮುಗಿಯುತ್ತಿತ್ತು. ಹ್ಯಾರಿಸನ್ ಅದನ್ನು ಒಪ್ಪಲಿಲ್ಲ, ಮಾತಿನಿಂದ ಅವರನ್ನು ಬಿಡುಗಡೆ ಮಾಡಿದರು. ಸರ್ಕಾರ 311–310ರಲ್ಲಿ, ಒಂದೇ ಮತದಿಂದ ಬಿತ್ತು. ಮೇ ತಿಂಗಳ ಚುನಾವಣೆಯಲ್ಲಿ ಥ್ಯಾಚರ್ ಬಂದರು.

ಸಜ್ಜನಿಕೆ ತೋರಿಸಲೇಬೇಕು ಎಂದರೆ ಇದನ್ನು ತೋರಿಸಿ. ಆದರೆ ಇವರಿಬ್ಬರೂ ಪಕ್ಷ ಮರೆತವರಲ್ಲ ಎನ್ನುವುದನ್ನು ಬಿಡಬೇಡಿ. ತಮ್ಮ ತಮ್ಮ ಸಂಸದರನ್ನು ಹಿಡಿದು ತಂದು ಮತ ಹಾಕಿಸುವುದೇ ಇವರ ಕೆಲಸ. ದಿನಾ ಎದುರಾಳಿಯ ಜೊತೆ ಕೊಡು-ಕೊಳ್ಳು ಮಾಡಬೇಕಾದವರು. ನಾಳೆಯೂ ಮಾತು ನಡೆಯಬೇಕು ಎಂದರೆ ಇವತ್ತಿನ ಮಾತು ನಿಲ್ಲಬೇಕು, ಅಲ್ವಾ? ವೆದರಿಲ್ ಮುಂದೆ ಸ್ಪೀಕರ್ ಆದರು.

ಲೇಬರ್ ಸಂಸದೆ ಜೋ ಕಾಕ್ಸ್ ಹತ್ಯೆಯ ದಿನಾಂಕ ತಪ್ಪಾಗಿದೆ. ಅದು 2016ರ ಜೂನ್ 16. ಆಮೇಲಿನ ಉಪಚುನಾವಣೆಯಲ್ಲಿ ಪ್ರಮುಖ ಪಕ್ಷಗಳು ಅಭ್ಯರ್ಥಿ ಹಾಕಲಿಲ್ಲ ಎಂಬುದು ಸರಿ. ಅವರ ತಂಗಿ ಕಿಮ್ ಲೆಡ್‌ಬೀಟರ್ ತಂದ ಮಸೂದೆಯನ್ನೂ ಒಂದು ಸಾಲು ಸೇರಿಸಬಹುದು. ಸಾವು ಹತ್ತಿರವಿರುವ ರೋಗಿಗಳು ವೈದ್ಯರ ನೆರವಿನಿಂದ ಜೀವ ಬಿಡಲು ಅವಕಾಶ ಕೊಡುವ ಮಸೂದೆ ಅದು. 2024ರ ನವೆಂಬರ್ 29ರಂದು ವಿಪ್ ಇಲ್ಲದೆ ಮತಕ್ಕೆ ಬಂತು, 330–275. ಪ್ರಧಾನಿ ಸ್ಟಾರ್ಮರ್ ಪರ, ಅವರದೇ ಆರೋಗ್ಯ ಸಚಿವರು ವಿರುದ್ಧ. ಪಕ್ಷದ ಗೆರೆ ಅಳಿಸಿಹೋಗುವುದು ಸಾಮಾನ್ಯವಾಗಿ ಇಂಥ ವಿಷಯಗಳಲ್ಲಿ.

ಈಗ ಕರ್ನಾಟಕ. ‘ನಾವು ಅವರಿಂದ ಕಲಿಯಬೇಕು’ ಎಂಬ ಕೊನೆಯ ಪುಟ ಪೂರ್ತಿ ತೆಗೆಯಿರಿ. 2006ರ ಇಪ್ಪತ್ತು-ಇಪ್ಪತ್ತು ತಿಂಗಳ ಒಪ್ಪಂದವನ್ನೂ ಅದು ಮುರಿದದ್ದನ್ನೂ ಕಂಡ ಓದುಗರಿಗೆ ಮೈತ್ರಿಯ ಪಾಠ ಹೊಸದಲ್ಲ. ಹೋಲಿಕೆ ಬೇಕೇ ಬೇಕು ಎಂದರೆ ಒಂದು ಜಾಗದಲ್ಲಿ ನಿಜವಾಗಿಯೂ ಕೂರುತ್ತದೆ. 2018ರಲ್ಲಿ 37 ಸೀಟಿನ ಪಕ್ಷಕ್ಕೆ ಮುಖ್ಯಮಂತ್ರಿ ಸ್ಥಾನ ಸಿಕ್ಕಿದ್ದು ವಿಚಿತ್ರ ಎಂದು ಬರೆದಿದ್ದೀರಿ. ಬ್ರಿಟನ್ನಿನಲ್ಲಿ ಇದಕ್ಕಿಂತ ವಿಚಿತ್ರ ನಡೆದಿದೆ. 1931ರಲ್ಲಿ ಲೇಬರ್ ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಎದುರಾಳಿಗಳ ಜೊತೆ ‘ರಾಷ್ಟ್ರೀಯ ಸರ್ಕಾರ’ ಕಟ್ಟಿದರು. ಸ್ವಂತ ಪಕ್ಷ ಅವರನ್ನು ಉಚ್ಚಾಟಿಸಿತು. ಆ ವರ್ಷದ ಚುನಾವಣೆಯಲ್ಲಿ ಅವರ ಗುಂಪಿಗೆ ಬಂದದ್ದು 13 ಸೀಟು. ಕನ್ಸರ್ವೇಟಿವ್‌ಗಳಿಗೆ ನಾನೂರೈವತ್ತಕ್ಕೂ ಜಾಸ್ತಿ. ಆದರೂ 1935ರವರೆಗೆ ಪ್ರಧಾನಿ ಅವರೇ. ಕುರ್ಚಿ ಒಬ್ಬರದು, ಬಲ ಇನ್ನೊಬ್ಬರದು. ಇದನ್ನು ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ನಿಮ್ಮ ಲೇಖನದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ. ಪಕ್ಕದ ಮನೆಯ ಹಿರಿಯರು ಜೀವಮಾನವಿಡೀ ಲೇಬರ್, ಆದರೆ 2024ರ ಜುಲೈನಲ್ಲಿ ಲಿಬರಲ್ ಡೆಮಾಕ್ರಟ್‌ಗೆ ಮತ ಹಾಕಿದರು ಎಂದು ಎರಡು ಸಾಲು ಬರೆದು ಬಿಟ್ಟಿದ್ದೀರಿ. 1950ರಲ್ಲಿ ಕ್ಷೇತ್ರವಾದಾಗಿನಿಂದ ವೋಕಿಂಗ್ ಕನ್ಸರ್ವೇಟಿವ್‌ಗಳ ಕೈಯಲ್ಲಿತ್ತು. ಆ ಸಲ ಲಿಬರಲ್ ಡೆಮಾಕ್ರಟ್ ಗೆದ್ದಿತು. ಯಾವ ನಾಯಕರೂ ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲ. ಇಲ್ಲಿ ಯಾರು ಗೆಲ್ಲಬಹುದು ಎಂದು ಮತದಾರರೇ ಲೆಕ್ಕ ಹಾಕಿದರು. ಪರಿಣಾಮ ನೋಡಿ: 2010ರಲ್ಲಿ 23 ಶೇಕಡಾ ಮತಕ್ಕೆ 57 ಸೀಟು ಪಡೆದ ಪಕ್ಷ, 2024ರಲ್ಲಿ 12.2 ಶೇಕಡಾ ಮತಕ್ಕೆ 72 ಸೀಟು ಪಡೆಯಿತು. ಮತ ಅರ್ಧ, ಸೀಟು ಜಾಸ್ತಿ. ಜನಮತಗಣನೆಯಲ್ಲಿ ಬದಲಾಗದ ಪದ್ಧತಿಯನ್ನೇ ಜನ ತಮಗೆ ಬೇಕಾದಂತೆ ಬಗ್ಗಿಸಿಕೊಂಡರು. ನೀವು ಅಲ್ಲಿ ಭಾರತದ ಪಾಸ್‌ಪೋರ್ಟಿನಲ್ಲೇ ಮತ ಹಾಕಿದ್ದೀರಿ ಎನ್ನುವುದನ್ನೂ ಬಿಡಿಸಿ ಹೇಳಿ. ಕಾಮನ್‌ವೆಲ್ತ್ ದೇಶದವರು ಬ್ರಿಟನ್ನಿನಲ್ಲಿ ನೆಲೆಸಿದ್ದರೆ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು ಎಂಬುದು ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಹಾಗಾಗಿ ಲೇಖನ ವೋಕಿಂಗ್‌ನಿಂದ ಶುರುವಾಗಲಿ, 2010ಕ್ಕೆ ಹೋಗಲಿ, ಅಲ್ಲಿ ಸಾಕಷ್ಟು ಹೊತ್ತು ನಿಲ್ಲಲಿ. ‘ಪ್ರಜಾಪ್ರಭುತ್ವದ ತೊಟ್ಟಿಲು’ ಬೇಡ. ಬರೆಯುವ ಮುಂಚೆ ಒಂದು ಕೆಲಸ ಇದೆ. ಆ ಹಿರಿಯರನ್ನು ಮಾತಾಡಿಸಿ. ಕನ್ಸರ್ವೇಟಿವ್‌ಗಳ ಜೊತೆ ಐದು ವರ್ಷ ಸರ್ಕಾರ ನಡೆಸಿದ ಪಕ್ಷಕ್ಕೇ, ಕನ್ಸರ್ವೇಟಿವ್‌ಗಳನ್ನು ಸೋಲಿಸಲು ಮತ ಹಾಕುವಾಗ ಅವರಿಗೆ ಏನನ್ನಿಸಿತು? ಶುಲ್ಕದ ವಿಷಯ ಕ್ಷಮಿಸಿದ್ದಾರಾ, ಇಲ್ಲಾ ಸುಮ್ನೆ ಪಕ್ಕಕ್ಕಿಟ್ಟಿದ್ದಾರಾ? ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆದು ಕಳಿಸಿ, ಹೆಸರು ಹಾಕಬೇಡಿ.