ಗಟಾರ ಬಳಿಸಿದರೂ ಡೆಂಗಿ ಬಂತಲ್ಲ?

ಪ್ರಶ್ನೆ: ನಮ್ಮದು ಕೋಡಿಬಾಗದಲ್ಲಿ ಓಣಿಯ ಕೊನೆಯ ಮನೆ. ಮಳೆಗಾಲಕ್ಕೆ ಮುಂಚೆ ಓಣಿಯವರೆಲ್ಲ ದುಡ್ಡು ಹಾಕಿ ಗಟಾರ ಬಳಿಸಿದೆವು. ಹೊಗೆಯನ್ನೂ ಹೊಡೆಸಿದರು. ಆದರೂ ಜುಲೈನಲ್ಲಿ ಮಗನಿಗೆ ಡೆಂಗಿ ಬಂತು, ಜ್ವರ ಇನ್ನೂ ಬಿಟ್ಟಿಲ್ಲ. ಅಂಗಳದಲ್ಲಿ ನಮ್ಮವರ ಬೋಟಿನ ಸಾಮಾನು ಬಿಟ್ಟರೆ ಕಸ ಅಂತ ಏನೂ ಇಲ್ಲ. ಈ ಸೊಳ್ಳೆ ಎಲ್ಲಿಂದ ಬರುತ್ತದೆ, ಮೇಡಂ?
– ಓದುಗರೊಬ್ಬರು, ಕಾರವಾರ

ಉತ್ತರ: ಆ ಬೋಟಿನ ಸಾಮಾನಿನಿಂದಲೇ ಇರಬೇಕು, ತಂಗೀ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ಬಂದ್. ಬೈತಖೋಲ ಬಂದರಿನಿಂದ ಟಾಯರು, ಮೀನಿನ ಡಬ್ಬ, ತಾಡಪತ್ರಿ ಎಲ್ಲ ಮನೆಗೆ ಬರುವುದೂ ಆಗಲೇ, ಮಳೆ ಸುರಿಯುವುದೂ ಆಗಲೇ.

ಗಟಾರದ್ದು ಬೇರೆ ಸೊಳ್ಳೆ, ಕ್ಯೂಲೆಕ್ಸ್. ರಾತ್ರಿ ಕಿವಿ ಹತ್ತಿರ ಗುಂಯ್ ಅನ್ನುವುದು ಹೆಚ್ಚಾಗಿ ಅದೇ. ಆನೆಕಾಲು ರೋಗ ಹರಡುವ ಜಾತಿ, ಆದ್ದರಿಂದ ಗಟಾರಕ್ಕೆ ಹಾಕಿದ ದುಡ್ಡು ದಂಡವಲ್ಲ. ಡೆಂಗಿ ತರುವ ಈಡಿಸ್‌ಗೆ ಮಾತ್ರ ಮನೆ ಸುತ್ತಲಿನ ತಿಳಿನೀರೇ ಬೇಕು. ಕಚ್ಚುವುದು ಹಗಲಲ್ಲಿ, ಕಾಲಿನ ಮೇಲೆ ಬಿಳಿ ಪಟ್ಟೆ ಇರುತ್ತದೆ. ಅದು ದೂರದಿಂದ ಹಾರಿ ಬರುವುದಿಲ್ಲ, ಹುಟ್ಟಿದ ಜಾಗದ ನಾಲ್ಕಾರು ಮನೆಗಳಲ್ಲೇ ಸುತ್ತುತ್ತದೆ. ಹೊಗೆಗೆ ಸಾಯುವುದು ಹಾರುವ ಸೊಳ್ಳೆ ಮಾತ್ರ, ನೀರಲ್ಲಿರುವ ಮರಿಗೆ ಏನೂ ಆಗುವುದಿಲ್ಲ. ಹೊಗೆ ಹೊಡೆಸಿದರೆ ಕೆಲಸ ಆದಂತೆ ಕಾಣುತ್ತದೆ, ಅಷ್ಟೇ.

ನಾನು ಆರೋಗ್ಯ ಇಲಾಖೆಯಲ್ಲಿದ್ದಾಗ ಮನೆಮನೆ ಲಾರ್ವಾ ಹುಡುಕುವುದೇ ಮಳೆಗಾಲದ ಕೆಲಸ. ಮೊದಲು ಬಗ್ಗಿ ನೋಡುತ್ತಿದ್ದದ್ದು ಟಾಯರನ್ನು. ಟಾರ್ಚು ಬಿಟ್ಟರೆ ಮರಿಗಳು ಬಳುಕುತ್ತಾ ತಳಕ್ಕೆ ಇಳಿಯುತ್ತವೆ. ಟಾಯರನ್ನು ಎಷ್ಟು ಹೊರಳಿಸಿದರೂ ನೀರು ಪೂರ್ತಿ ಚೆಲ್ಲುವುದಿಲ್ಲ. ಅದರ ಕೆಳಭಾಗಕ್ಕೆ ತೂತು ಹೊಡೆಸಿ, ಇಲ್ಲವೇ ಮಾಡಿನ ಕೆಳಗೆ ಇಡಿ.

ಡಬ್ಬ, ಬ್ಯಾರೆಲ್‌ಗಳ ನೀರು ಚೆಲ್ಲಿದರಷ್ಟೇ ಸಾಲದು. ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿಗಿಂತ ತುಸು ಮೇಲೆ, ಒಳಗೋಡೆಗೆ. ಮಸಿಯ ಚುಕ್ಕಿಯಂತೆ ಅಂಟಿರುತ್ತವೆ. ಒಣಗಿ ತಿಂಗಳುಗಟ್ಟಲೆ ಬಿದ್ದಿದ್ದರೂ ಬದುಕಿರುತ್ತವೆ, ನೀರು ತಾಗಿದೊಡನೆ ಒಡೆಯುತ್ತವೆ. ತೆಂಗಿನ ನಾರಿನಿಂದ ಒಳಗೋಡೆ ತಿಕ್ಕಿ ತೊಳೆಯಿರಿ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು, ಹಾಗಾಗಿ ವಾರಕ್ಕೊಮ್ಮೆ ತಪ್ಪದೆ ಮಾಡಬೇಕು. ಫ್ರಿಜ್ ಹಿಂದಿನ ತಟ್ಟೆಯನ್ನೂ ಮರೆಯಬೇಡಿ. ಪಾಯಖಾನೆ ಗುಂಡಿಯ ಗಾಳಿ ಪೈಪಿಗೆ ಜಾಳಿಗೆ ಕಟ್ಟಿದರೆ ರಾತ್ರಿ ಸೊಳ್ಳೆಯೂ ಕಮ್ಮಿಯಾದೀತು.

ಶಿರಸಿ ಕಡೆಯವರು ಇದು ಕರಾವಳಿಯವರ ಪಾಡು ಅಂದುಕೊಳ್ಳಬೇಡಿ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ನೀರು ಈಡಿಸ್‌ನ ಇನ್ನೊಂದು ಜಾತಿಗೆ ಧಾರಾಳ.

ತಂಗೀ, ಮಗನನ್ನು ಹಗಲಲ್ಲೂ ಸೊಳ್ಳೆಪರದೆಯೊಳಗೇ ಮಲಗಿಸಿ. ಜ್ವರವಿದ್ದಾಗ ಅವನನ್ನು ಕಚ್ಚಿದ ಸೊಳ್ಳೆ ಕೆಲ ದಿನಗಳ ಮೇಲೆ ಮನೆಯವರಿಗೇ ಡೆಂಗಿ ಹಚ್ಚಬಹುದು.