ಓದುಗರ ಪ್ರಶ್ನೆ: ಕ್ಷಯದ ಹಳೆಯ ಲೆಕ್ಕ ಓದುವುದು ಹೇಗೆ?

ಪ್ರಶ್ನೆ: ನ್ಯೂಯಾರ್ಕಿನಲ್ಲಿ ಕ್ಷಯಕ್ಕೆ ಕುಖ್ಯಾತವಾಗಿದ್ದ, ವಠಾರಗಳಿಂದ ತುಂಬಿದ ‘ಲಂಗ್ ಬ್ಲಾಕ್’ (ಶ್ವಾಸಕೋಶದ ಬ್ಲಾಕ್) ಎಂಬಲ್ಲಿ ಒಂಬತ್ತು ವರ್ಷಕ್ಕೆ 265 ಕ್ಷಯರೋಗಿಗಳು ಎಂದು 1903ರ ವರದಿ ಹೇಳುತ್ತದೆ. ಸುಮಾರು 4,000 ಜನರಿದ್ದ ಜಾಗ. ಇಷ್ಟಕ್ಕೇ ಅಷ್ಟು ಕೆಟ್ಟ ಹೆಸರೇ?

ಉತ್ತರ: ಮೊದಲು ವರ್ಷದ ಲೆಕ್ಕಕ್ಕೆ ಇಳಿಸಿ. 265ನ್ನು 9ರಿಂದ ಭಾಗಿಸಿದರೆ ವರ್ಷಕ್ಕೆ 29 ಚಿಲ್ಲರೆ. ಅದನ್ನು 4,000ದಿಂದ ಭಾಗಿಸಿ ಲಕ್ಷದಿಂದ ಗುಣಿಸಿದರೆ ಲಕ್ಷಕ್ಕೆ ಸುಮಾರು 736. ಚೆರ್ರಿ ಸ್ಟ್ರೀಟ್ ಬದಿಯ ಒಂದೇ ಒಂದು ಬ್ಲಾಕಿಗೆ ಇದು ಭಯಂಕರ ಸಂಖ್ಯೆ. ಆದರೆ ಇದರ ಪಕ್ಕದಲ್ಲಿ 1900ರ ಅಮೆರಿಕದ ಲಕ್ಷಕ್ಕೆ ಸುಮಾರು 194 ಅನ್ನು ಇಟ್ಟು ‘ನಾಲ್ಕು ಪಟ್ಟು’ ಅನ್ನಬೇಡಿ. ಅದು ಕ್ಷಯದಿಂದಾದ ಸಾವಿನ ಪ್ರಮಾಣ, ಇದು ರೋಗಿಗಳದು. ಈ ತಪ್ಪು ಬಹಳ ಕಡೆ ಕಾಣುತ್ತದೆ.

ಇನ್ನೊಂದು ಮಾತು: 265 ಎಂಬುದು ಅಲ್ಲಿದ್ದ ರೋಗಿಗಳಲ್ಲ, ದಫ್ತರದಲ್ಲಿ ದಾಖಲಾದ ರೋಗಿಗಳು. ಇಲಾಖೆಯ ವೈದ್ಯ ಹರ್ಮನ್ ಬಿಗ್ಸ್ ಅವರ ಒತ್ತಾಯದಿಂದ ನಗರದ ಆರೋಗ್ಯ ಇಲಾಖೆ 1894ರಲ್ಲಿ ಆಸ್ಪತ್ರೆಗಳಿಂದ ವರದಿ ಕೇಳತೊಡಗಿತು. ಖಾಸಗಿ ವೈದ್ಯರಿಗೆ ಅದು ಕಡ್ಡಾಯವಾದದ್ದು 1897ರಲ್ಲಿ. ಹಾಗಾಗಿ 1897ರ ಬಳಿಕ ಸಂಖ್ಯೆ ಏರಿದ್ದರೆ ರೋಗ ಏರಿತೆಂದು ತೀರ್ಮಾನಿಸುವ ಮುನ್ನ ನಿಯಮ ಬದಲಾದದ್ದನ್ನು ನೆನಪಿಡಿ.

ಪ್ರಶ್ನೆ: ಅದೇ ಕಾಲದ ನಗರದ ಒಂದು ವಾರ್ಡಿನ (ಆಡಳಿತ ವಿಭಾಗದ) ಪಟ್ಟಿಯಲ್ಲಿ ಹೊಸ ರೋಗಿಗಳಿಗಿಂತ ಸಾವೇ ಹೆಚ್ಚಿದೆ. ಅಚ್ಚಿನ ತಪ್ಪೇ?

ಉತ್ತರ: ಅಚ್ಚಿನ ತಪ್ಪೇ ಆಗಬೇಕಿಲ್ಲ. ಆಗ ಔಷಧ ಇರಲಿಲ್ಲ. ಕಫದಲ್ಲಿ ರೋಗಾಣು ಕಂಡವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಐದು ವರ್ಷದೊಳಗೆ ಸಾಯುತ್ತಿದ್ದರು. ಉಳಿದವರು ಕೆಮ್ಮುತ್ತಲೇ ಬದುಕುತ್ತಿದ್ದರು, ಇಲ್ಲವೇ ಚೇತರಿಸಿಕೊಳ್ಳುತ್ತಿದ್ದರು. ಆದ್ದರಿಂದ ವರ್ಷದ ಹೊಸ ರೋಗಿಗಳು ಸಾವಿಗಿಂತ ಚೆನ್ನಾಗಿಯೇ ಹೆಚ್ಚಿರಬೇಕು. ತಲೆಕೆಳಗಾಗಿದ್ದರೆ ಬಹುಮಟ್ಟಿಗೆ ವರದಿಯೇ ಸೋರಿದೆ: ರೋಗ ದಾಖಲಾದದ್ದು ಮರಣಪತ್ರದಲ್ಲೇ, ಅದಕ್ಕೂ ಮುಂಚೆ ಅಲ್ಲ.

ಹಾಗಂತ ಸಾವಿನ ಕಾಲಂ ಅಪರಂಜಿಯೇನಲ್ಲ. ಕ್ಷಯವೆಂದು ಬರೆದರೆ ಜೀವವಿಮೆ ಕೈತಪ್ಪುವ ಭಯ, ಮನೆತನಕ್ಕೆ ಕಳಂಕವೆಂಬ ಅಂಜಿಕೆ; ‘ಬ್ರಾಂಕೈಟಿಸ್’ (ಶ್ವಾಸನಾಳದ ಉರಿಯೂತ) ಎಂದು ಬರೆಸಿ ಮುಚ್ಚುತ್ತಿದ್ದದ್ದುಂಟು. ಎರಡನೆಯ ಸೋರಿಕೆ ವಿಳಾಸದ್ದು. ನ್ಯೂಯಾರ್ಕಿನದೇ ಆದ ಬ್ಲ್ಯಾಕ್‌ವೆಲ್ಸ್ ದ್ವೀಪದ ಆಸ್ಪತ್ರೆಯಲ್ಲಿ 1902ರಲ್ಲಿ ಕ್ಷಯದ ವಿಭಾಗ ಶುರುವಾಯಿತು. ಅಲ್ಲಿ ಸತ್ತವರನ್ನು ಅವರ ಮನೆಯ ವಾರ್ಡಿಗೆ ಹಂಚಿದ್ದಾರೋ, ಆಸ್ಪತ್ರೆ ಇರುವ ಪ್ರದೇಶದ ಲೆಕ್ಕಕ್ಕೇ ಕಟ್ಟಿದ್ದಾರೋ? ಪಟ್ಟಿಯ ಅಡಿಟಿಪ್ಪಣಿ ನೋಡಿ. ಹಂಚಿರದಿದ್ದರೆ ಬಡವರ ವಾರ್ಡು ಕಾಗದದ ಮೇಲೆ ಆರೋಗ್ಯವಂತವಾಗಿ ಕಾಣುತ್ತದೆ.

ಪ್ರಶ್ನೆ: ಕತ್ತಲೆ ಕೋಣೆಗಳೇ ಕಾರಣವೆನ್ನುವುದು ನಿಜವೇ?

ಉತ್ತರ: ಕಾರಣ ರೋಗಾಣು, ಕೋಣೆ ಅದಕ್ಕೆ ಒದಗಿದ ಅನುಕೂಲ. ಗಾಳಿಯಾಡದ ಕಡೆ ಕೆಮ್ಮಿನ ಸೂಕ್ಷ್ಮ ಹನಿಗಳು ಗಂಟೆಗಟ್ಟಲೆ ತೇಲುತ್ತವೆ, ಬಿಸಿಲು ಬಿದ್ದರೆ ರೋಗಾಣು ಬೇಗ ಸಾಯುತ್ತದೆ. 1901ರ ನ್ಯೂಯಾರ್ಕ್ ವಠಾರ ಕಾನೂನು ಹಳೆಯ ಕಟ್ಟಡಗಳ ಒಳಕೋಣೆಗಳಿಗೂ ಕಿಟಕಿ ಕೊರೆಸಬೇಕೆಂದಿತು. ಆದರೆ ಪಕ್ಕದ ಕೋಣೆಯ ಕಡೆಗೆ ಕೊರೆದ ಕಿಟಕಿಯೂ ಲೆಕ್ಕಕ್ಕೆ ಬರುತ್ತಿತ್ತು. ಬೆಳಕು ಅಷ್ಟಿಷ್ಟು ಬಂದೀತು. ಗಾಳಿ ಮಾತ್ರ ಅದೇ ಮನೆಯದು.